ಬೋರ್ಡಿಗೆ ಬಾರದ ಹೆಸರು

"ಸತ್ತವರ ಹೆಸರು ಬರೆಯೋಕೆ ಇದೇನು ಸ್ಮಶಾನದ ಗೇಟೇನೇ? ತಿನ್ನೋ ಜಾಗ ಕಣೇ ಮುಂಡೆ! ಬಾಗಿಲಲ್ಲೇ ಹೆಣದ ಸುದ್ದಿ ಹಾಕಿದ್ರೆ ಯಾವನು ಒಳಗೆ ಬಂದು ತಟ್ಟೆ ಮುಟ್ತಾನೆ?"

ಇಷ್ಟು ಹೇಳುವಾಗಲೂ ಹೋಟೆಲಿನ ಚಿಕ್ಕ ಸಾಹುಕಾರನ ಕಣ್ಣು ಮೊಬೈಲಿನ ಮೇಲೆಯೇ ಇತ್ತು. ಮುಸುರೆಯಕ್ಕ ನೊರೆ ಮೆತ್ತಿದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತೇ ಇದ್ದಳು. ಮುಂಡೆ ಎಂಬ ಮಾತು ಅವಳಿಗೆ ಹೊಸದಲ್ಲ. ಆ ಹೋಟೆಲಿನ ಹಿಂಬದಿಯಲ್ಲಿ ಲೋಟ ಒಡೆದರೂ ಮುಂಡೆ, ನೀರು ಚೆಲ್ಲಿದರೂ ಮುಂಡೆ. ಇಷ್ಟು ವರ್ಷ ಅದು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತಿತ್ತು. ಗಂಡನನ್ನು ಮಣ್ಣು ಮಾಡಿ ಇವತ್ತೇ ಕೆಲಸಕ್ಕೆ ಬಂದವಳಿಗೆ ಅದು ಹೋಗದೆ ಒಳಗೇ ಉಳಿದುಕೊಂಡಿತು.

"ಒಂದೇ ಒಂದು ದಿನ ಸಾಹುಕಾರ್ರೆ. ಬೋರ್ಡಲ್ಲಿ ಬರೀ ಹೆಸರು. ಸಂಜೆಗೆ ನಾನೇ ಒರೆಸ್ತೀನಿ. ನಿಮ್ಮಪ್ಪ ಇದ್ದಿದ್ರೆ..."

"ನಮ್ಮಪ್ಪ ಇಲ್ಲ. ನಾನಿದೀನಿ. ಪೇಪರಿನೋರು ಬರೋ ಹೊತ್ತಾಯ್ತು, ಹೋಗು ಒಳಗೆ."

ಬೋರ್ಡಿನ ಕಥೆ ಇಷ್ಟೇ. ಆ ಬೀದಿಯಲ್ಲಿ ಕಾಸು ಕೊಟ್ಟು ಪೇಪರು ಕೊಳ್ಳುವವರು ಇಲ್ಲದ ಕಾಲದಲ್ಲಿ ಹೋಟೆಲಿನ ಬಾಗಿಲ ಪಕ್ಕದ ಕರಿ ಹಲಗೆಯೇ ಎಲ್ಲರ ಪೇಪರು. ಮೇಲೆ ಅವತ್ತಿನ ಊಟ, ಕೆಳಗೆ ಬೀದಿಯ ಸುದ್ದಿ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ದರ್ಜಿಯ ಮಗಳಿಗೆ ಗಂಡು ಮಗು. ಬೀಗದ ಕೈ ಸಿಕ್ಕಿದೆ, ಗುರುತು ಹೇಳಿ ಒಯ್ಯಿರಿ. ಬರೆಯುತ್ತಿದ್ದವನು ಮುಸುರೆಯಕ್ಕನ ಗಂಡ. ಎಂಜಲು ತಟ್ಟೆ ಎತ್ತಲು ಸೇರಿದವನ ಅಕ್ಷರ ದುಂಡಗಿದೆಯೆಂದು ಕೈಗೆ ಸೀಮೆಸುಣ್ಣ ಬಂತು, ಬಾಯಿಂದ ಬಾಯಿಗೆ ಬೋರ್ಡಣ್ಣ ಎಂಬ ಹೆಸರೂ ಬಂತು. ದಿನಾ ಬೆಳಿಗ್ಗೆ ಅಷ್ಟು ಚೆಂದದ ಅಕ್ಷರವನ್ನು ಅವನು ಒದ್ದೆ ಬಟ್ಟೆಯಲ್ಲಿ ಒಂದೇಟಿಗೆ ಒರೆಸುವಾಗ ಅವಳು ಅಯ್ಯೋ ಎನ್ನುತ್ತಿದ್ದಳು. "ಒರೆಸೋದಕ್ಕೇ ಕಣೇ ಬರೆಯೋದು. ನಿನ್ನೆ ಊಟ ಇವತ್ತು ಯಾರಿಗೆ ಬೇಕು?" ಎಂದು ಅವನು ನಗುತ್ತಿದ್ದ.

ಬೀದಿಯಲ್ಲಿ ಯಾರಾದರೂ ಸತ್ತರೆ ಮಾತ್ರ ಬೋರ್ಡಿನ ರೀತಿಯೇ ಬೇರೆ. ಊಟ, ಸುದ್ದಿ ಎಲ್ಲ ಒರೆಸಿ ಹಾಕಿ ಹಲಗೆಯ ನಡುವೆ ಒಂದೇ ಹೆಸರು. ಕಸ ಗುಡಿಸುವವನಿರಲಿ, ಮನೆ ಮಾಲೀಕನಿರಲಿ, ಅಕ್ಷರ ಅಷ್ಟೇ ದಪ್ಪ. ಬೋರ್ಡು ಬರಿದಾಗಿರುವುದು ದೂರದಿಂದ ಕಂಡರೆ ಸಾಕು, ಹೋಗುವವರು ನಿಂತು "ಯಾರು?" ಎನ್ನುತ್ತಿದ್ದರು. ಓದು ಬಾರದವರಿಗೆ ಬಲ್ಲವರು ಓದಿ ಹೇಳುತ್ತಿದ್ದರು. "ಅನ್ನ ಎಲ್ಲಿಗೂ ಓಡಿಹೋಗಲ್ಲಪ್ಪ, ಹೆಣ ಹೊರಟೋಗುತ್ತೆ. ಮೊದ್ಲು ಅದನ್ನ ಬರಿ," ಎನ್ನುತ್ತಿದ್ದ ದೊಡ್ಡ ಸಾಹುಕಾರ. ಅವನೇನೂ ದೇವರಂಥ ಮನುಷ್ಯನಲ್ಲ, ಸಂಬಳದ ಮಾತೆತ್ತಿದರೆ ಕಿವುಡನಾಗುತ್ತಿದ್ದ. ಆದರೆ ಸಾವಿನ ಮುಂದೆ ತಲೆ ತಗ್ಗಿಸುವುದು ಗೊತ್ತಿತ್ತು. ಅವನು ಸತ್ತ ದಿನ ಅವನ ಹೆಸರನ್ನೂ ಬೋರ್ಡಣ್ಣನೇ ಬರೆದ.

ಆಮೇಲೆ ಬೀದಿ ಬದಲಾಯಿತು. ದರ್ಜಿಯ ಅಂಗಡಿ ಇದ್ದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿ ಬಂತು. ವಠಾರ ಕೆಡವಿದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತು. ಬಾಡಿಗೆ ಕಟ್ಟಲಾರದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಊರಾಚೆ ಹೋದರು. ಬೆಳಿಗ್ಗೆ ಬಸ್ಸು ಹತ್ತಿ ಬಂದು, ತಾವೇ ಬಾಳಿದ ಬೀದಿಯಲ್ಲಿ ಕಸ ಗುಡಿಸಿ, ಇಸ್ತ್ರಿ ತಿಕ್ಕಿ, ಚಪ್ಪಲಿ ಹೊಲಿದು ಸಂಜೆಗೆ ಮರಳುತ್ತಿದ್ದರು. ಬೋರ್ಡಣ್ಣನಿಗೆ ಕೆಮ್ಮು ಹಿಡಿಯಿತು. "ಕೆಮ್ಮೋ ಮುದುಕನ್ನ ಬಾಗಿಲಲ್ಲಿ ನಿಲ್ಸಿದ್ರೆ ಗಿರಾಕಿ ಬರ್ತಾನೇನೋ? ಹೋಗು, ಮನೇಲಿ ಕೆಮ್ಮು," ಎಂದು ಚಿಕ್ಕ ಸಾಹುಕಾರ ಅವನನ್ನು ಕಳಿಸಿದ. ಕಳಿಸುವ ಮುಂಚೆ ಬೋರ್ಡಿನ ತುಂಬ ಏನೇನೋ ಬರೆಸಿ ಫೋಟೊ ತೆಗೆದುಕೊಂಡ. ಯಾಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಹೋಟೆಲು ಹೊಸ ಸೋಗು ಹಾಕಿ ತೆರೆದಾಗ ಹೊಳೆಯಿತು. ಗೋಡೆ, ಲೋಟ, ಪಾರ್ಸಲ್ ಚೀಲ, ಕೆಲಸದವರ ಏಪ್ರನ್ನು, ಎಲ್ಲದರ ಮೇಲೂ ಬೋರ್ಡಣ್ಣನ ಅಕ್ಷರ. ಮುಸುರೆಯಕ್ಕನಿಗೆ ಓದು ಬಾರದು. ಆದರೆ ಸಾಲಿನ ಕೊನೆಗೆ ಒಂದು ಬಾಲ ಎಳೆದು ಮೇಲಕ್ಕೆ ತಿರುಗಿಸುವ ಗಂಡನ ಚಾಳಿ ಗೊತ್ತಿಲ್ಲದೆ ಇರುತ್ತದೆಯೆ? ಒಂದು ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದು ತೋರಿಸಿದಳು. ಹಾಸಿಗೆ ಹಿಡಿದಿದ್ದವನು ಉಸಿರು ಕಟ್ಟುವಷ್ಟು ನಕ್ಕ.

"ನೋಡೇ, ನನ್ ಕೈ ಬೇಕಂತೆ. ಮೈ ಮಾತ್ರ ಬೇಡ್ವಂತೆ."

ನಗು ನಿಂತ ಮೇಲೆ, "ಎಲ್ಲರ ಹೆಸರೂ ನಾನೇ ಬರ್ದೆ. ನಂದು ಹಾಕಿಸ್ತೀಯೇನೇ?" ಎಂದು ಕೇಳಿದ.

"ಹಾಕಿಸ್ತೀನಿ. ಈಗ ಸುಮ್ನೆ ಮಲ್ಕೊಳ್ರಿ," ಎಂದು ಗದರಿದ್ದಳು.

ಊರಾಚೆಯ ಕೋಣೆಯಲ್ಲಿ ಜೀವ ಹೋಯಿತು. ಹೊರಲು ನಾಲ್ಕು ಜನ ಸಿಕ್ಕಿದ್ದೇ ಹೆಚ್ಚು. ಒಬ್ಬ ಅವಳ ತಮ್ಮ. ಉಳಿದ ಮೂವರಿಗೆ ತಾವು ಹೊತ್ತವನ ಹೆಸರೂ ಗೊತ್ತಿರಲಿಲ್ಲ. ಬೀದಿಯ ಪ್ರತಿ ಸಾವಿಗೂ ಜನ ಕೂಡಿಸಿದವನ ಹಿಂದೆ ಆ ಬೀದಿಯ ಒಂದು ನರಪಿಳ್ಳೆಯೂ ಬರಲಿಲ್ಲ. ಅವಳಿಗೆ ಅವರ ಮೇಲೆ ಕೋಪವಿಲ್ಲ. ಗೊತ್ತಾದರಲ್ಲವೆ ಬರುವುದು? ಒಬ್ಬೊಬ್ಬರ ಹತ್ತಿರ ಹೋಗಿ ಹೇಳಬಹುದಿತ್ತು. ಆದರೆ ಗಂಡನ ಸಾವನ್ನು ಭಿಕ್ಷೆಯ ತಟ್ಟೆಯ ಹಾಗೆ ಹಿಡಿದುಕೊಂಡು ತಿರುಗಲು ಅವಳಿಗೆ ಮನಸ್ಸು ಬರಲಿಲ್ಲ. ಮಾತು ಕೊಟ್ಟದ್ದು ಬೋರ್ಡಿನದು.

ಬಡಾವಣೆಯ ಪತ್ರಿಕೆಯ ಹುಡುಗಿ ಹನ್ನೊಂದರ ಸುಮಾರಿಗೆ ಬಂದಳು. ಕೊರಳಲ್ಲಿ ಕ್ಯಾಮೆರಾ, ಮುಖದ ತುಂಬ ನಗು. ಪ್ರತಿ ವಾರ ಒಂದು ಹೋಟೆಲಿನ ಬಗ್ಗೆ ಬರೆಯುವವಳು. ಚಿಕ್ಕ ಸಾಹುಕಾರ ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿ ಹೊಸದಾಗಿ ತೂಗುಹಾಕಿದ ಬೋರ್ಡು ತೋರಿಸಿದ. ಹಲಗೆ ಹಳೆಯದೇ. "ಇಂದು: ಬಿಸಿ ಊಟ, ಹಳೆಯ ನೆನಪು" ಎಂದು ಅದರ ಮೇಲಿತ್ತು.

"ಎಷ್ಟು ಮುದ್ದಾಗಿದೆ ಸರ್ ಅಕ್ಷರ! ಯಾರದು?"

"ನಮ್ಮ ತಾತನ ಕೈಬರಹ," ಎಂದ ಸಾಹುಕಾರ, ಕಣ್ಣು ಕೂಡ ಮಿಟುಕಿಸದೆ. "ನಾವು ಬೇರು ಮರೆಯೋ ಜನ ಅಲ್ಲ. ಕೆಲಸದವರೂ ಅಷ್ಟೇ, ಮನೆಯವರ ಥರ. ಏ ಮುಸುರೆಯಕ್ಕಾ, ಬಾರಮ್ಮ ಇಲ್ಲಿ!"

ಬೆಳಿಗ್ಗೆ ಮುಂಡೆಯಾಗಿದ್ದವಳು ಈಗ ಅಮ್ಮ. ಅವಳು ಬಂದು ಬೋರ್ಡಿನ ಕೆಳಗೆ ನಿಂತಳು. ನಗು, ನಗು ಎಂದರು. ತುಟಿ ಅಲುಗಲಿಲ್ಲ. ಎದೆಯ ಮೇಲಿನ ಏಪ್ರನ್ನಿನಲ್ಲೂ ತಲೆಯ ಮೇಲಿನ ಬೋರ್ಡಿನಲ್ಲೂ ಗಂಡನ ಅದೇ ಬಾಲದ ಅಕ್ಷರ.

"ತಾಯಿ, ಇದು ಇವರ ತಾತನ ಅಕ್ಷರ ಅಲ್ಲ," ಎಂದಳು. "ನನ್ ಯಜಮಾನ್ರದ್ದು. ಮೊನ್ನೆ ತೀರ್ಕೊಂಡ್ರು. ನಿಮ್ ಪೇಪರಲ್ಲಾದ್ರೂ ಅಷ್ಟು ಹಾಕ್ತೀರಾ?"

ಹುಡುಗಿಯ ನಗು ಒಂದು ಗಳಿಗೆ ಮಾಸಿತು. ಸಾಹುಕಾರ ಅದಕ್ಕೆ ಆಸ್ಪದ ಕೊಡಲಿಲ್ಲ.

"ಪಾಪ. ಗಂಡ ಹೋದಾಗಿಂದ ತಲೆ ಕೆಟ್ಟಿದೆ. ಆದ್ರೂ ನಾವು ಕೈ ಬಿಟ್ಟಿಲ್ಲ ನೋಡಿ."

"ಅಯ್ಯೋ," ಎಂದಳು ಹುಡುಗಿ. ಕೆಟ್ಟವಳಲ್ಲ, ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. "ನಂದು ಊಟದ ಪುಟ ಅಮ್ಮಾ. ಅದ್ರಲ್ಲಿ ಸಾವಿನ ಸುದ್ದಿ ಬರಲ್ಲ." ಕ್ಯಾಮೆರಾ ಕಣ್ಣಿಗೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. "ಸ್ವಲ್ಪ ಆ ಕಡೆ ಹೋಗ್ತೀರಾ? ಬೋರ್ಡು ಪೂರ್ತಿ ಬರ್ಲಿ."

ಮುಸುರೆಯಕ್ಕ ಆ ಕಡೆ ಹೋದಳು.

ಹಿಂಬದಿಯಲ್ಲಿ ಅವಳ ತಮ್ಮ ಸೌದೆ ಒಲೆಯ ಮುಂದೆ ಕೂತಿದ್ದ. ಸೌದೆಯ ಅಡುಗೆ ಎಂದು ಹೇಳಿಕೊಂಡರೆ ಬೆಲೆ ಹೆಚ್ಚೆಂದು ಆ ಒಂದನ್ನು ಉಳಿಸಿದ್ದರು. ಅವನನ್ನು ಕೆಲಸಕ್ಕೆ ಸೇರಿಸಿದವಳು ಅವಳೇ.

"ಸುಮ್ನಿರಕ್ಕ," ಎಂದ ತಮ್ಮ, ತಲೆಯೆತ್ತದೆ. "ಭಾವ ಹೋದ್ರು. ಬರೆದ್ರೆ ಎದ್ ಬರ್ತಾರಾ? ನನ್ ಅನ್ನಕ್ಕೂ ಕಲ್ಲು ಹಾಕ್ಬೇಡ."

"ಎದ್ ಬರಲ್ಲ ಕಣೋ. ಸತ್ತಿದ್ದಾರೆ ಅಂತಾದ್ರೂ ಗೊತ್ತಾಗ್ಬೇಡ್ವಾ? ನಾಯಿ ಸತ್ರೂ ನಾಲ್ಕು ಜನ ಥೂ ಅಂತ ಮೂಗು ಮುಚ್ಕೋತಾರೆ."

ಒದ್ದೆ ಬಟ್ಟೆ ತೆಗೆದುಕೊಂಡು ಅವಳು ಮುಂಬಾಗಿಲಿಗೆ ನಡೆದಳು. ಸಾಹುಕಾರ ಒಳಗೆ ಹುಡುಗಿಗೆ ಬಡಿಸುವುದರಲ್ಲಿ ಮುಳುಗಿದ್ದ. ಬೋರ್ಡು ಒರೆಸಿದಳು. ಅಕ್ಷರ ಕದಲಲಿಲ್ಲ. ಒತ್ತಿ ಉಜ್ಜಿದಳು. ಎಂಥೆಂಥ ಜಿಡ್ಡು ಬಿಡಿಸಿದ ಕೈ ಅದು, ಆದರೂ ಬಿಳಿ ಗೆರೆ ಹಾಗೇ ಇತ್ತು. ಮೂಸಿ ನೋಡಿದಳು. ಸೀಮೆಸುಣ್ಣವಲ್ಲ, ಪೇಂಟು. ಒರೆಸುವುದಕ್ಕೇ ಬರೆದವನ ಅಕ್ಷರವನ್ನು ಒರೆಸಲು ಬಾರದ ಹಾಗೆ ಹಲಗೆಗೆ ಅಂಟಿಸಿಬಿಟ್ಟಿದ್ದರು. ಗಂಡ ಸತ್ತಾಗ ಬಾರದ ಅಳು ಆಗ ಬಂತು. ಬಾಗಿಲಲ್ಲೇ ನಿಂತು, ಬಟ್ಟೆ ಬಾಯಿಗೊತ್ತಿಕೊಂಡು ಅತ್ತಳು.

ಅತ್ತು ಮುಗಿದ ಮೇಲೆ ಹಿಂದಕ್ಕೆ ಹೋಗಿ ಒಲೆಯ ಮೇಲಿಂದ ಇಳಿಸಿಟ್ಟಿದ್ದ ದೊಡ್ಡ ಬಾಣಲೆಯನ್ನು ಬೋರಲು ಹಾಕಿದಳು. ತಳದಲ್ಲಿ ಎಣ್ಣೆ ಬೆರೆತ ಮಸಿ ದಪ್ಪನಾಗಿ ಕೂತಿತ್ತು. ಜನ್ಮವಿಡೀ ಅವಳು ಕೆರೆದು ಕೆರೆದು ತೆಗೆದದ್ದು ಇದನ್ನೇ. ಎರಡೂ ಅಂಗೈಗಳಿಂದ ಬಾಚಿಕೊಂಡಳು. ತಮ್ಮ ನೋಡಿದ. ಎದ್ದು, ದಾರಿ ಬಿಟ್ಟು ನಿಂತ.

ಗಂಡನ ಅಕ್ಷರದ ಮೇಲೆ ಕೈಯಿಟ್ಟಳು. "ನೀವೇ ಒರೆಸ್ತಿದ್ರಲ್ಲ, ಇವತ್ತೊಂದಿನ ನಾನು," ಎಂದುಕೊಂಡು ಬಳಿದಳು. ಬಿಸಿ ಊಟ ಹೋಯಿತು. ಹಳೆಯ ನೆನಪು ಹೋಯಿತು. ಕೊನೆಗೆ ಆ ಬಾಲವೂ ಹೋಯಿತು. ಬೋರ್ಡು ಹಿಂದಿನ ಹಾಗೆ ಕಪ್ಪಾಯಿತು. ನಡುವೆ ಬರೆಯಬೇಕಾದ ಹೆಸರು ಬರೆಯಲು ಅವಳಿಗೆ ಬಾರದು. ಬರೆಯಬಲ್ಲವನು ಇರಲಿಲ್ಲ.

ಊಟಕ್ಕೆ ಬಂದ ಗಂಡ ಹೆಂಡತಿಯರಿಬ್ಬರು ಬೋರ್ಡು ನೋಡಿ, "ಇವತ್ತೇನೂ ಇಲ್ವಾ?" ಎಂದು ಕೇಳಿದರು.

"ಇವತ್ತು ಸಾವಿದೆ," ಎಂದಳು ಮುಸುರೆಯಕ್ಕ.

ಸಾಹುಕಾರ ಓಡಿ ಬಂದ. "ಏನೇ ಮಾಡ್ದೆ ಹಲ್ಕಾ ಮುಂಡೆ! ಉಂಡ ಮನೆ ಜಂತೆ ಎಣಿಸ್ತೀಯಾ! ಪೊಲೀಸಿಗೆ ಹಿಡ್ಕೊಡ್ತೀನಿ ನಿನ್ನ!" ಎಂದು ಅವಳ ರಟ್ಟೆ ಹಿಡಿದು ಎಳೆದ. ಹುಡುಗಿ ಬಾಗಿಲಿಗೆ ಬಂದು ನಿಂತಳು. ಕ್ಯಾಮೆರಾ ಎತ್ತಲಿಲ್ಲ.

ಎದುರಿನ ಮರದ ಕೆಳಗೆ ತಳ್ಳುಗಾಡಿಯ ಮೇಲೆ ಬಟ್ಟೆ ತಿಕ್ಕುತ್ತಿದ್ದ ಹಳೇ ವಠಾರದ ಇಸ್ತ್ರಿಯವನು ಗಲಾಟೆಗೆ ತಲೆಯೆತ್ತಿದ. ಅವನು ಗಲಾಟೆ ನೋಡಲಿಲ್ಲ, ಬೋರ್ಡು ನೋಡಿದ. ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಬಂದ.

"ಯಾರಕ್ಕಾ?" ಎಂದ.

ಗಂಡ ಸತ್ತ ಮೇಲೆ ಅದನ್ನು ಕೇಳಿದ ಮೊದಲ ಮನುಷ್ಯ. ಕೈ ಹಿಡಿದಂದಿನಿಂದ ಅವಳು ಗಂಡನನ್ನು 'ರೀ' ಎಂದಲ್ಲದೆ ಹೆಸರು ಹಿಡಿದು ಕರೆದವಳಲ್ಲ. ಸಾಹುಕಾರ ಎಳೆಯುತ್ತಿದ್ದಂತೆಯೇ ಮಸಿಗೈಯಲ್ಲಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಗಂಡನ ಹೆಸರು ಹೇಳಿದಳು. ಇನ್ನೊಮ್ಮೆ ಹೇಳಿದಳು.

ಇಸ್ತ್ರಿಯವನು ತಿರುಗಿ, ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನಿಗೆ ಆ ಹೆಸರನ್ನು ಕೂಗಿ ಹೇಳಿದ. ಅವನು ಹೊಲಿಯುವುದನ್ನು ಕೆಳಗಿಟ್ಟು ಎದ್ದು ನಿಂತ.