ನೇರಳೆ ಬಾವುಟದ ಮೆರವಣಿಗೆ

ಇಪ್ಪತ್ತೆರಡು ವರ್ಷ ಸತ್ತವರನ್ನು ಕಳಿಸಿಕೊಡುವ ಕೆಲಸ ಮಾಡಿ, ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಮದುವೆ ಮಾಡಿಸುವ ಕೆಲಸಕ್ಕೆ ಇಳಿದೆ ಎಂದರೆ ಜನ ನಗುತ್ತಾರೆ. ನಗಲಿ. ಎರಡರಲ್ಲೂ ಇರುವುದು ಅದೇ ಕೆಲಸ. ಹೂವು ಹೊತ್ತಿಗೆ ಸರಿಯಾಗಿ ಬರಬೇಕು, ಪಾದ್ರಿಯ ಮಾತು ಉದ್ದವಾಗಬಾರದು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಬೇಕು, ಅಳುವವರು ಕೇಳುವ ಮೊದಲೇ ಕೈಗೆ ಕರವಸ್ತ್ರ ಸಿಗಬೇಕು. ವ್ಯತ್ಯಾಸ ಒಂದೇ. ಮದುವೆಯಲ್ಲಿ ಮುಖ್ಯ ವ್ಯಕ್ತಿ ಎದ್ದು ಓಡಾಡಿ ನಮ್ಮ ತಲೆ ತಿನ್ನುತ್ತಾರೆ.

ಕೆಂಟಕಿಯ ಪೂರ್ವದ ಗುಡ್ಡಗಳ ನಡುವೆ ಪೆಲ್ಫ್ರಿ ಫೋರ್ಕ್ ಎಂಬುದು ನಮ್ಮ ಊರು. ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವ ನಮ್ಮ ಅಂಗಡಿಯನ್ನು ಶುರುಮಾಡಿದ್ದು ಅಪ್ಪ, ಈಗ ನಡೆಸುವುದು ನನ್ನಣ್ಣ ರಾಂಡಲ್. ಅಂಗಡಿ ಎಂದರೆ ಅವನಿಗೆ ಕೋಪ ಬರುತ್ತದೆ. ಅದಕ್ಕೇ ನಾನು ಹಾಗೆ ಕರೆಯುವುದು.

ನಾನು ಕೆಲಸ ಬಿಡುತ್ತೇನೆ ಎಂದಾಗ ಅವನು ಹತ್ತು ನಿಮಿಷ ಟೈ ಸರಿಮಾಡಿಕೊಳ್ಳುತ್ತ ನಿಂತಿದ್ದ.

"ಒಂದು ಮದುವೆ ಮಾಡಿ ನೋಡು ನೋರೀನ್. ಕೆಟ್ಟರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ನಿನ್ನ ಮೇಜಿಗೆ ಕೂತ್ಕೋ. ನಾನೊಂದು ಮಾತೂ ಆಡೋಲ್ಲ."

"ಒಂದೂ ಆಡೋಲ್ವಾ?"

"ಒಂದೆರಡು ಆಡ್ತೀನಿ ಅನ್ನು."

ನನ್ನನ್ನು ಹುಡುಕಿಕೊಂಡು ಬಂದ ಮೊದಲ ಮದುಮಗಳು ಕ್ಯಾಸಿಡಿ. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ, ಇಪ್ಪತ್ತಾರರ ಹುಡುಗಿ. ನಾನೇ ಯಾಕೆ ಎಂದು ಕೇಳಿದೆ.

"ಅಜ್ಜಿ ಹೋದಾಗ ಎಲ್ಲಾ ನೀವೇ ನೋಡ್ಕೊಂಡ್ರಲ್ಲ. ನಮ್ಮನೆ ಗಂಡಸರು ಒಂದೇ ಕೋಣೇಲಿ ಹೊಡೆದಾಡದೆ ಕೂತಿದ್ದು ಅವತ್ತೊಂದೇ ದಿನ" ಎಂದಳು.

ಸಂತೋಷವಾಯಿತು. ಹಿಂದೆಯೇ ಅವಳು ಯಾರ ಮಗಳೆಂಬುದು ನೆನಪಾಯಿತು. ಕ್ಯಾಸಿಡಿಯ ತಾಯಿ ವಿಲ್ಡಾ. ಐದು ವರ್ಷದಿಂದ ಅವರು ನನ್ನ ಮುಖ ನೋಡಿ ಮಾತಾಡಿರಲಿಲ್ಲ.

ಅದಕ್ಕೆ ಕಾರಣ ಅವರ ಗಂಡ ಎಲ್ಡನ್‌ನ ಸಾವು. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ಸು ಓಡಿಸಿದ ಮನುಷ್ಯ. ಊರಿನ ಅರ್ಧ ಜನ ಅವನ ಬಸ್ಸಿನಲ್ಲೇ ಹೋಗಿ ಬಂದು ದೊಡ್ಡವರಾದವರು. ಕೊರೊನಾ ಬಂದ ಆ ಏಪ್ರಿಲ್‌ನಲ್ಲಿ ಎದೆನೋವು ಬಂದು ತೀರಿಕೊಂಡ. ಹತ್ತು ಜನಕ್ಕಿಂತ ಹೆಚ್ಚು ಸೇರುವ ಹಾಗಿರಲಿಲ್ಲ. ವಿಲ್ಡಾ ನಮ್ಮ ಬಾಗಿಲಿಗೆ ಬಂದು ಕೇಳಿದ್ದು ಒಂದೇ: "ಅವರು ಬಸ್ಸು ಓಡಿಸ್ತಿದ್ದ ದಾರೀಲಿ ಒಂದು ಸಲ ಕರ್ಕೊಂಡು ಹೋಗಿ. ಜನ ಅವರವರ ಮನೆ ಮುಂದೇನೇ ನಿಂತು ನೋಡ್ಲಿ." ಬಾಗಿಲಲ್ಲಿ ನಿಂತು ಆಗೋಲ್ಲ ಎಂದವಳು ನಾನು. ಕಾರಿನಲ್ಲಿ ಸುತ್ತಿ ಬರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲವೆಂದು ತಿಂಗಳಾದ ಮೇಲೆ ಗೊತ್ತಾಯಿತು. ಅವತ್ತು ಅಧಿಕಾರಿಗಳಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಹೆದರಿಕೊಂಡು ಕೇಳಲೇ ಇಲ್ಲ. ಎಲ್ಡನ್‌ನನ್ನು ಹಿಂದಿನ ರಸ್ತೆಯಲ್ಲಿ, ಎರಡೇ ಕಾರಿನಲ್ಲಿ, ಕಳ್ಳಮಾಲು ಸಾಗಿಸಿದಂತೆ ಸಾಗಿಸಿದೆವು.

ಮದುವೆಯ ಮಾತಿಗೆ ಅವರ ಮನೆಗೆ ಹೋದಾಗ ವಿಲ್ಡಾ ಅಡುಗೆಮನೆಯ ಕಿಟಕಿಯ ಕಡೆ ತಿರುಗಿಕೊಂಡು ಬೀನ್ಸ್ ಮುರಿಯುತ್ತಿದ್ದರು. ಚರ್ಚಿನ ಹೆಂಗಸರ ಸಂಘಕ್ಕೆ ಅವರೇ ಯಜಮಾನಿ. ಈ ಕಣಿವೆಯಲ್ಲಿ ಅವರು ಬೇಡ ಎಂದ ಕೇಕನ್ನು ಯಾರೂ ಕತ್ತರಿಸುವುದಿಲ್ಲ.

"ಮಗಳ ಆಸೆ, ಮಾಡು" ಎಂದರು ಕಿಟಕಿಗೆ. "ಆದ್ರೆ ಒಂದು ಮಾತು. ಈ ಮದುವೇಲಿ ಸಾವಿನ ವಾಸನೆ ಒಂಚೂರು ಬಂದ್ರೂ ಈ ಕಡೆ ನಿನಗೆ ಇನ್ನೊಂದು ಮದುವೆ ಸಿಗ್ದಿರೋ ಹಾಗೆ ನೋಡ್ಕೋತೀನಿ."

"ಬರೋಲ್ಲ ಮಿಸ್ ವಿಲ್ಡಾ" ಎಂದೆ. ನಮ್ಮ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿದ್ದರೂ, ಮಿಸ್ ಎಂದೇ ಕರೆಯುವುದು.

ನಿಜಕ್ಕೂ ಬಹಳ ಎಚ್ಚರ ವಹಿಸಿದೆ. ಸಾವಿಗೆ ತರುವ ಬಿಳಿ ಲಿಲ್ಲಿ ಹೂವು ಬೇಡ ಎಂದೆ, ನಮ್ಮ ಅಂಗಡಿಯಲ್ಲಿ ನುಡಿಸುವ ಮುದುಕನ ಬದಲು ಬೇರೆಯವರನ್ನು ಪಿಯಾನೋಗೆ ಕರೆಸಿದೆ. ಮೆತ್ತಗೆ ಮಾತಾಡುವ ನನ್ನ ಅಭ್ಯಾಸವನ್ನು ಬಿಡಲು ಕಾರಿನಲ್ಲಿ ಒಬ್ಬಳೇ ಕೂತು ಕಿರುಚಿ ಸಾಧನೆ ಮಾಡಿದೆ. ಚರ್ಚಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮದುಮಗ ಕೋಲ್ಟನ್ ಪ್ರತಿಜ್ಞೆ ಹೇಳುವಾಗ ಎರಡು ಸಲ ತೊದಲಿದ, ಅಷ್ಟೇ.

ಉಳಿದದ್ದು ಊಟ. ಊಟದ ಹಾಲ್ ಇರುವುದು ಒಂಬತ್ತು ಮೈಲು ಆಚೆ, ಕೆರೆಯ ದಂಡೆಯಲ್ಲಿ. ಗುಡ್ಡದ ದಾರಿ, ಹತ್ತು ಕವಲು, ಫೋನಿಗೆ ಸಿಗ್ನಲ್ ಇಲ್ಲ. ಕೋಲ್ಟನ್ ಕಡೆಯವರು ಓಹಾಯೋದಿಂದ ಬಂದವರು. ಅವರನ್ನು ಅವರ ಪಾಡಿಗೆ ಬಿಟ್ಟರೆ ಅರ್ಧ ಜನ ದಾರಿ ತಪ್ಪಿ ಗಡಿಯಾಚೆಯ ವರ್ಜೀನಿಯಾ ಸೇರುತ್ತಿದ್ದರು. ಆದರೆ ಕಾರುಗಳನ್ನು ಸಾಲಾಗಿ ಕರೆದೊಯ್ಯುವುದು ನನಗೆ ನೀರು ಕುಡಿದಷ್ಟು ಸುಲಭ. ಕ್ಯಾಸಿಡಿ ಮದುವೆಗೆಂದು ಆರಿಸಿದ್ದ ಬಣ್ಣ ನೇರಳೆ. ಅಣ್ಣನ ಗ್ಯಾರೇಜಿನಲ್ಲಿ ಪೆಟ್ಟಿಗೆ ತುಂಬ ಪುಟ್ಟ ನೇರಳೆ ಬಾವುಟಗಳಿದ್ದವು. ಅವುಗಳ ಅಡಿಯಲ್ಲಿ ಆಯಸ್ಕಾಂತ, ಕಾರಿನ ಮೇಲಿಟ್ಟರೆ ಕಚ್ಚಿಕೊಳ್ಳುತ್ತವೆ. ಒಂದೊಂದಕ್ಕೂ ಬಿಳಿ ರಿಬ್ಬನ್ ಕಟ್ಟಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೂವತ್ತೊಂದು ಕಾರಿಗೆ ಬಾವುಟ ಇಟ್ಟು, ಎಲ್ಲರಿಗೂ ಹೇಳಿದೆ: "ಹೆಡ್‌ಲೈಟ್ ಹಾಕ್ಕೊಳ್ಳಿ. ಮಧ್ಯೆ ಜಾಗ ಬಿಡಬೇಡಿ, ಯಾರೂ ಮುಂದೆ ನುಗ್ಗಬೇಡಿ. ಮುಂದಿನ ಕಾರು ಎಲ್ಲಿ ತಿರುಗುತ್ತೋ ಅಲ್ಲೇ ತಿರುಗಿ." ಈ ಮಾತನ್ನು ನಾನು ಅದೆಷ್ಟು ಸಾವಿರ ಸಲ ಹೇಳಿದ್ದೆನೋ, ನಾಲಿಗೆ ತಾನಾಗಿಯೇ ಹೊರಳಿತು.

ಎಲ್ಲರಿಗಿಂತ ಮುಂದಿನ ಕಾರು ನನ್ನದು. ಅಂದರೆ ಅಣ್ಣನದು. ನನ್ನ ಕಾರು ಆ ವಾರವೇ ಕೈಕೊಟ್ಟಿದ್ದರಿಂದ ಅವನ ಕರಿ ಕಾರನ್ನು ತೊಳೆದು ತಂದಿದ್ದೆ. ಹೆಣ ಸಾಗಿಸುವ ಕಾರಲ್ಲ, ಅದರ ಮುಂದೆ ಹೋಗುವ ಕಾರು. ಅಷ್ಟು ತಿಳಿವಳಿಕೆ ನನಗಿತ್ತು. ಹಿಂದಿನ ಬಿಳಿ ಕಾರಿನಲ್ಲಿ ಮದುಮಕ್ಕಳು. ವಿಲ್ಡಾ ಯಾವ ಕಾರಿನಲ್ಲಿ ಕೂರಬೇಕೆಂದು ನೋಡುತ್ತಿರುವಾಗ ಕ್ಯಾಸಿಡಿ ಅವರನ್ನು ತಂದು ನನ್ನ ಪಕ್ಕ ಕೂರಿಸಿ ಬಾಗಿಲು ಹಾಕಿಬಿಟ್ಟಳು.

"ಅಮ್ಮಾ, ಕಚ್ಚಬೇಡ" ಎಂದು ಹೇಳಿ ಗೌನು ಎತ್ತಿಕೊಂಡು ಓಡಿದಳು.

ಮೊದಲ ಮೈಲಿಯಲ್ಲೇ ಎದುರಿನಿಂದ ಬರುತ್ತಿದ್ದ ಜಲ್ಲಿ ಲಾರಿ ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ನಿಂತಿತು. ಒಳ್ಳೆಯವನು, ದಾರಿ ಬಿಟ್ಟ ಅಂದುಕೊಂಡೆ. ಅದರ ಹಿಂದಿನ ಎರಡು ಕಾರೂ ನಿಂತವು. ಸೇತುವೆ ದಾಟಿದ ಮೇಲೆ ಮನೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದ ಗಂಡಸೊಬ್ಬ ಯಂತ್ರ ನಿಲ್ಲಿಸಿದ. ಟೋಪಿ ತೆಗೆದ. ಅದನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿ ನಿಂತ.

ಆಗ ನನಗೆ ತಿಳಿಯಿತು.

ಕರಿ ಕಾರು. ಶವದ ಹಿಂದೆ ಹೋಗುವ ಕಾರುಗಳಿಗೆಂದೇ ನಮ್ಮ ಅಂಗಡಿ ಇಟ್ಟುಕೊಂಡ ನೇರಳೆ ಬಾವುಟ. ಹಗಲಲ್ಲಿ ಹೆಡ್‌ಲೈಟು. ಇಪ್ಪತ್ತು ಮೈಲು ವೇಗ. ನಮ್ಮ ಕಡೆ ಹೆಣ ಹೋಗುವಾಗ ಯಾರೇ ಆದರೂ, ಎಷ್ಟೇ ಅವಸರವಿದ್ದರೂ, ರಸ್ತೆ ಬದಿಗೆ ಸರಿದು ನಿಲ್ಲುತ್ತಾರೆ. ನಾನು ಕ್ಯಾಸಿಡಿಯ ಮದುವೆಗೆ ಅಪ್ಪಟ ಶವಯಾತ್ರೆಯನ್ನು ಹೊರಡಿಸಿದ್ದೆ. ಬಿಳಿ ಕಾರಿನ ಗಾಜಿನ ಮೇಲೆ 'ಈಗಷ್ಟೇ ಮದುವೆಯಾಯಿತು' ಎಂದು ಬರೆದಿತ್ತು ನಿಜ, ಆದರೆ ಹಿಂದಿನ ಗಾಜಿನ ಮೇಲೆ. ಎದುರಿನಿಂದ ಬರುವವರಿಗೆ ಅದು ಹೇಗೆ ಕಾಣಬೇಕು?

ನಿಲ್ಲಿಸಿ ಬಾವುಟ ತೆಗೆಯೋಣವೆಂದರೆ ಆ ರಸ್ತೆಯಲ್ಲಿ ಮೂವತ್ತೊಂದು ಕಾರು ನಿಲ್ಲಿಸುವ ಜಾಗವಿಲ್ಲ. ಸೋಮವಾರ ಬೆಳಿಗ್ಗೆ ಎಂಟು ಗಂಟೆ, ನನ್ನ ಮೇಜು, ಅಣ್ಣನ ಒಂದೆರಡು ಮಾತು, ಎಲ್ಲಾ ಕಣ್ಣಿಗೆ ಕಟ್ಟಿತು. ಪಕ್ಕಕ್ಕೆ ನೋಡಲು ಧೈರ್ಯವಾಗಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನ ಸಾಲಾಗಿ ನಿಂತರು. ಒಬ್ಬ ಬಾಯಲ್ಲಿದ್ದ ಸಿಗರೇಟು ಬಿಸಾಡಿದ. ಅದರಾಚೆ, ಬೇಸ್‌ಬಾಲ್ ಆಟದಿಂದ ಹುಡುಗರನ್ನು ತರುತ್ತಿದ್ದ ಹಳದಿ ಸ್ಕೂಲ್ ಬಸ್ಸು ಬದಿಗೆ ಸರಿದು ಕೆಂಪು ದೀಪ ಹಾಕಿ ನಿಂತಿತು. ಎಲ್ಡನ್ ಓಡಿಸುತ್ತಿದ್ದ ಬಸ್ಸೇನೂ ಅಲ್ಲ, ಅದನ್ನು ಯಾವತ್ತೋ ಗುಜರಿಗೆ ಹಾಕಿದ್ದರು. ಆದರೂ ಡ್ರೈವರು ಟೋಪಿ ತೆಗೆದ. ಅವನ ಹಿಂದೆ ಕಿಟಕಿಯಲ್ಲಿದ್ದ ಹುಡುಗರೂ ಒಬ್ಬೊಬ್ಬರಾಗಿ ತೆಗೆದರು.

"ನೋರೀನ್" ಎಂದರು ವಿಲ್ಡಾ.

"ಹೇಳಿ ಮಿಸ್ ವಿಲ್ಡಾ."

"ಇವರೆಲ್ಲ ಯಾರು ಸತ್ತರು ಅಂದ್ಕೊಂಡಿದ್ದಾರೆ?"

ಸುಳ್ಳು ಹೇಳಲು ಬಾಯಿ ತೆರೆದೆ, ಹೊರಡಲಿಲ್ಲ. "ಗೊತ್ತಿಲ್ಲ. ತಪ್ಪು ನಂದು. ಬಾವುಟ ನಮ್ಮ ಅಂಗಡಿ ಗ್ಯಾರೇಜಿಂದು. ಬಣ್ಣ ಹೊಂದುತ್ತೆ ಅಂತ ತಂದುಬಿಟ್ಟೆ, ಯೋಚನೆನೇ ಮಾಡ್ಲಿಲ್ಲ."

ವಿಲ್ಡಾ ಕಿಟಕಿಯ ಗಾಜು ಪೂರ್ತಿ ಇಳಿಸಿದರು. ಬಸ್ಸಿನ ಪಕ್ಕದಲ್ಲಿ ಹಾದು ಹೋಗುವಾಗ ಡ್ರೈವರ ಕಡೆ ಕೈ ಎತ್ತಿದರು. ಅವನು ಅವರನ್ನು ಗುರುತಿಸಿ ಇನ್ನಷ್ಟು ತಲೆ ಬಗ್ಗಿಸಿದ.

ಮುಂದೆ ನಾಲ್ಕು ರಸ್ತೆ ಸೇರುವ ಜಾಗ. ಕೆರೆಗೆ ನೇರ ಹೋಗಬೇಕು. ಎಡಕ್ಕೆ ತಿರುಗಿದರೆ ಊರೊಳಗಿನ ದಾರಿ, ಶಾಲೆ, ಮಿಲ್ಲಿನ ಕೆಲಸಗಾರರ ಮನೆಗಳು. ಸುತ್ತಿ ಬರಲು ಅರ್ಧ ಗಂಟೆ ಹೆಚ್ಚು.

"ಎಡಕ್ಕೆ ತಿರುಗು" ಎಂದರು ವಿಲ್ಡಾ.

"ಎಡಕ್ಕಾ? ಅಲ್ಲಿ ಊಟ..."

"ಹಂದಿಮಾಂಸ ಬೆಳಗಿನಿಂದ ಬೇಯ್ತಾ ಇದೆ, ಇನ್ನರ್ಧ ಗಂಟೆ ಬೆಂದ್ರೆ ಸಾಯೋಲ್ಲ. ತಿರುಗು ಅಂದೆ."

ಅದು ಎಲ್ಡನ್‌ನ ಬಸ್ಸಿನ ದಾರಿ. ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದೆ. ಕನ್ನಡಿಯಲ್ಲಿ ನೋಡಿದರೆ ಬಿಳಿ ಕಾರು ತಿರುಗಿತು, ಅದರ ಹಿಂದೆ ಓಹಾಯೋದ ಕಾರುಗಳೆಲ್ಲ ಹೇಳಿಕೊಟ್ಟ ಹಾಗೆ ಒಂದೊಂದಾಗಿ ತಿರುಗಿದವು.

ಶನಿವಾರ ಮಧ್ಯಾಹ್ನ, ಊರೆಲ್ಲ ಹೊರಗೇ ಇತ್ತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡವನು ಬಂದು ನಿಂತ. ಹೆಂಗಸರು ಜಗಲಿಯಲ್ಲಿ ಕುರ್ಚಿಯಿಂದ ಎದ್ದರು. ಒಂದು ಕಡೆ ಜಗಳ ಆಡುತ್ತಿದ್ದ ಗಂಡ ಹೆಂಡತಿ ಜಗಳ ನಿಲ್ಲಿಸಿ, ನಾವು ಹೋಗುವವರೆಗೂ ಕೈಕಟ್ಟಿ ನಿಂತಿದ್ದರು. ವಿಲ್ಡಾ ಒಬ್ಬೊಬ್ಬರನ್ನೂ ನೋಡುತ್ತ ಮೆಲ್ಲಗೆ ಹೆಸರು ಹೇಳುತ್ತಿದ್ದರು. ಇವನು ಅವರ ಬಸ್ಸಲ್ಲಿ ವಾಂತಿ ಮಾಡ್ಕೊಂಡಿದ್ದ. ಇವಳು ದಿನಾ ಲೇಟು, ಇವಳಿಗೋಸ್ಕರ ಹಾರ್ನ್ ಹೊಡೆದು ಹೊಡೆದು ಕಾಯ್ತಿದ್ರು. ಇವನಿಗೆ ಚಳಿಗಾಲದಲ್ಲಿ ತಮ್ಮ ಕೈಗವುಸು ಕೊಟ್ಟುಬಿಟ್ಟಿದ್ರು. ಕಣ್ಣೀರು ಗಲ್ಲದ ಪೌಡರಿನಲ್ಲಿ ದಾರಿ ಮಾಡಿಕೊಂಡು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಕರವಸ್ತ್ರ ಕೊಡಲಿಲ್ಲ. ಅವತ್ತು ಅದು ಬೇಕಿರಲಿಲ್ಲ.

ಶಾಲೆ ದಾಟಿದ ಮೇಲೆ ಐದು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿಬಿಟ್ಟೆ. "ಅವತ್ತು ಒಂದು ಫೋನು ಮಾಡಿ ಕೇಳಿದ್ರೆ ಈ ದಾರೀಲಿ ಬಿಡ್ತಿದ್ರು ಮಿಸ್ ವಿಲ್ಡಾ. ನಾನು ಕೇಳಲಿಲ್ಲ."

"ಗೊತ್ತು" ಎಂದರು. "ಆಮೇಲೆ ನಾನೇ ಕೇಳ್ದೆ."

ಅವರ ಕೈ ಬಂದು ಗೇರಿನ ಮೇಲಿದ್ದ ನನ್ನ ಕೈ ಮೇಲೆ ಕೂತಿತು. "ಈಗ ಕರ್ಕೊಂಡು ಬಂದ್ಯಲ್ಲ. ಮುಂದೆ ನೋಡ್ಕೊಂಡು ಓಡ್ಸು, ಮಗಳ ಮದುವೆ ದಿನ ನನ್ನ ಚರಂಡಿಗೆ ಇಳಿಸಬೇಡ."

ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ನಾನೂ ಅತ್ತೆ. ಅಳುತ್ತಲೇ ಓಡಿಸಿದೆ.

ಕೆರೆಯ ಹಾಲ್ ತಲುಪಿದಾಗ ಕ್ಯಾಸಿಡಿ ಕಾರಿನಿಂದ ಹಾರಿ ಇಳಿದಳು. ಕಣ್ಣಿನ ಕಪ್ಪು ಕೆನ್ನೆಯವರೆಗೂ ಇಳಿದಿತ್ತು, ನಗುವಿನಿಂದಲೋ ಅಳುವಿನಿಂದಲೋ ತಿಳಿಯಲಿಲ್ಲ. "ಅಮ್ಮಾ, ಅಪ್ಪನ ದಾರಿ!" ಎಂದು ತಾಯಿಯನ್ನು ತಬ್ಬಿಕೊಂಡಳು. ಓಹಾಯೋದ ಬೀಗರಿಗೆ ಪರಮಾನಂದ. ಕೋಲ್ಟನ್ ತಂದೆ ಬಂದು ನನ್ನ ಕೈ ಕುಲುಕಿ, "ನಮ್ಮೂರಲ್ಲಿ ಮದುವೆ ಅಂದ್ರೆ ಯಾರೂ ತಿರುಗೀನೂ ನೋಡೋಲ್ಲಮ್ಮ. ಇಲ್ಲಿ ಟೋಪಿನೇ ತೆಗೀತಾರಲ್ಲ, ಎಂಥ ಮರ್ಯಾದೆ!" ಎಂದರು. ವಿಲ್ಡಾ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೋಲ್ಟನ್ ತಂದೆಗೆ ಇವತ್ತಿನವರೆಗೂ ಯಾರೂ ನಿಜ ಹೇಳಿಲ್ಲ.

ಹಾಲ್‌ನಲ್ಲಿ ಫೋನಿಗೆ ಸಿಗ್ನಲ್ ಬಂತು. ಅದರ ಬೆನ್ನಿಗೇ ರಾಂಡಲ್‌ನ ಫೋನು ಬಂತು.

"ಯಾರು ಹೋದ್ರೇ? ನಂಗೆ ಹೇಳ್ದೆ ಯಾರನ್ನ ಹೂಳೋಕೆ ಹೊರಟಿದ್ದೀಯ? ಇಪ್ಪತ್ಮೂರು ಫೋನ್ ಬಂತು ಕಣೇ! ಎದುರುಮನೆ ಬೆಸ್ಸಿ ಆಗ್ಲೇ ಸಾವಿನ ಮನೆಗೆ ಅಂತ ಹ್ಯಾಮ್ ಓವನ್‌ಗೆ ಇಟ್ಟಿದ್ದಾಳೆ. ಯಾರ ಮನೆಗೆ ಒಯ್ಯಲಿ ಅಂತ ನನ್ನ ಕೇಳ್ತಿದ್ದಾಳೆ!"

"ಇಲ್ಲಿಗೇ ತರೋಕೆ ಹೇಳು" ಎಂದೆ. ಬೆಸ್ಸಿಯ ಹ್ಯಾಮ್, ಅಂದರೆ ಇಡೀ ಹಂದಿತೊಡೆ, ಬಂತು, ಅದರ ಜೊತೆ ಇನ್ನಾರು ಮನೆಯಿಂದ ಆಲೂಗಡ್ಡೆ, ಜೋಳದ ಪಾಯಸದಂಥ ಪುಡಿಂಗು, ಒಣ ಸೇಬಿನ ಕೇಕು. ತಂದವರನ್ನೆಲ್ಲ ವಿಲ್ಡಾ ಕೂರಿಸಿ ಉಣ್ಣಿಸಿದರು. ಅಲ್ಲೇ ಒಬ್ಬ ತಾಯಿ ತನ್ನ ಮಗಳ ಅಕ್ಟೋಬರ್ ಮದುವೆಯ ವಿಷಯ ತೆಗೆದಾಗ ವಿಲ್ಡಾ ಕುರ್ಚಿಯಿಂದ ತಿರುಗದೆಯೇ, "ಅದಕ್ಕೆಲ್ಲ ನೋರೀನ್ ಇದ್ದಾಳಲ್ಲ, ಅವಳನ್ನ ಕೇಳು" ಎಂದರು.

ಸಂಜೆ ಜನ ಹೊರಡುವಾಗ ಬಾವುಟಗಳನ್ನು ಒಟ್ಟುಮಾಡಿದೆ. ಮೂವತ್ತೇ ಇದ್ದವು. ಕಾರಿನ ಕೆಳಗೆಲ್ಲ ಬಗ್ಗಿ ಹುಡುಕುತ್ತಿದ್ದೆ.

"ಹುಡುಕಬೇಡ" ಎಂದರು ವಿಲ್ಡಾ ಹಿಂದಿನಿಂದ. ಅವರ ಕೈಚೀಲದ ಬಾಯಿಂದ ಬಿಳಿ ರಿಬ್ಬನ್ ಇಣುಕುತ್ತಿತ್ತು. "ನಾಳೆ ಚರ್ಚ್ ಮುಗಿಸ್ಕೊಂಡು ಹೋಗಿ ಅವರ ಸಮಾಧಿ ಹತ್ರ ಇಟ್ಟು ಬರ್ತೀನಿ. ಬರ್ತೀಯಾ?"

"ಬರ್ತೀನಿ" ಎಂದೆ.

ಮನೆಗೆ ಹೋಗುವಾಗ ರಾಂಡಲ್ ಮತ್ತೆ ಫೋನು ಮಾಡಿದ. "ಅಂತೂ ಸೋಮವಾರ ಎಂಟಕ್ಕೆ ಬರ್ತೀಯಾ?"

"ಬರ್ತೀನಿ ಅಣ್ಣ. ಕಾರಿನ ಬೀಗದಕೈ, ಬಾವುಟದ ಪೆಟ್ಟಿಗೆ ಕೊಟ್ಟು ಹೋಗ್ತೀನಿ. ಒಂದು ಕಮ್ಮಿ ಇರುತ್ತೆ. ಅದು ಎಲ್ಡನ್‌ದು."