ಕಾಮನಬಿಲ್ಲಿನ ಸೋಮವಾರದ ವರದಿ

ಕಚೇರಿಯವರು ತನಗೆ ‘ಕಾಮನಬಿಲ್ಲು’ ಎಂದು ಅಡ್ಡಹೆಸರಿಟ್ಟಿದ್ದಾರೆಂದು ಗೊತ್ತಾದ ದಿನ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. ತನ್ನ ವರದಿಯ ಬಣ್ಣಬಣ್ಣದ ನಕ್ಷೆಗಳನ್ನು ಮೆಚ್ಚಿ ಇಟ್ಟ ಹೆಸರು ಅದು ಎಂದೇ ಅವನ ತಿಳಿವಳಿಕೆ. ಕಾಮನಬಿಲ್ಲನ್ನು ದೂರದಿಂದ ನೋಡಬಹುದೇ ಹೊರತು ಅದರಿಂದ ಯಾರಿಗೂ ಕೆಲಸವಾಗದು ಎಂಬ ಅರ್ಥವೂ ಅದರೊಳಗೆ ಇರಬಹುದೆಂದು ಹೊಳೆಯಲು ಅವನಿಗೆ ಆರು ವರ್ಷ ಹಿಡಿಯಿತು.

ಅವನಿದ್ದದ್ದು ಒಂದು ಸಲಹಾ ಸಂಸ್ಥೆಯಲ್ಲಿ. ಬೇರೆ ಕಂಪನಿಗಳಿಗೆ ಹೋಗಿ ‘ಕೆಲಸ ಹೀಗೆ ಮಾಡಿ, ಹಾಗೆ ಮಾಡಬೇಡಿ’ ಎಂದು ಹೇಳಿಬರುವ ಸಲಹೆಗಾರರು ಮೇಲಿನ ಮೂರು ಮಹಡಿಗಳಲ್ಲಿ ಕೂರುತ್ತಿದ್ದರು. ಯಾವ ಸಲಹೆಗಾರ ಯಾವ ದಿನ ಎಲ್ಲಿಗೆ ಹೋಗಬೇಕು, ಅವನಿಗೆ ಟಿಕೆಟ್ಟು, ಉಳಿಯಲು ಕೋಣೆ, ಲ್ಯಾಪ್‌ಟಾಪು ಸಿಕ್ಕಿತೇ ಎಂದು ನೋಡಿಕೊಳ್ಳುವ ಒಂಬತ್ತು ಮಂದಿ ನೆಲಮಹಡಿಯಲ್ಲಿದ್ದರು. ಈ ಒಂಬತ್ತು ಮಂದಿಗೆ ಅನುಕೂಲವಾಗಲೆಂದು ಪ್ರತಿ ಸೋಮವಾರ ವರದಿ ಕಳಿಸುವುದು ಅವನ ಕೆಲಸ. ವರದಿ ನಲವತ್ತೆರಡು ಪುಟ. ಸಲಹೆಗಾರರ ಸಮಯ ಶೇಕಡಾ ಎಷ್ಟು ಬಳಕೆಯಾಯಿತು, ಹಿಂದಿನ ತಿಂಗಳಿಗಿಂತ ಏರಿತೋ ಇಳಿಯಿತೋ, ಏರಿದ್ದರೆ ಯಾವ ಬಣ್ಣ, ಇಳಿದಿದ್ದರೆ ಯಾವ ಬಣ್ಣ, ಎಲ್ಲವೂ ಅದರಲ್ಲಿತ್ತು. ಮಾಹಿತಿ ಮಾತ್ರ ಹಿಂದಿನ ಗುರುವಾರದ್ದು. ಬಣ್ಣ ತುಂಬಲು ಸಮಯ ಬೇಕಲ್ಲ!

ಈ ಚಾಳಿ ಅವನ ಬೆನ್ನು ಹತ್ತಿ ಮನೆಗೂ ಬಂದಿತ್ತು. ಒಮ್ಮೆ ಹೆಂಡತಿ ಅಡುಗೆಮನೆಯಿಂದಲೇ, “ರೀ, ಹಾಲು ಇದೆಯಾ ನೋಡಿ,” ಎಂದಳು. ಅವನು ಫ್ರಿಜ್ಜಿನ ಬಾಗಿಲು ಹಿಡಿದು ನಿಂತು, “ಹೋದ ವಾರಕ್ಕಿಂತ ಈ ವಾರ ನಾವು ಸ್ವಲ್ಪ ಜಾಸ್ತಿನೇ ಬಳಸಿದೀವಿ ಅನ್ಸುತ್ತೆ...” ಎಂದು ಶುರುಮಾಡಿದ.

“ಇದೆಯೋ ಇಲ್ವೋ?”

“ಇಲ್ಲ.”

“ಅಷ್ಟು ಹೇಳೋಕೆ ಯಾಕ್ರೀ ಒದ್ದಾಡ್ತೀರಾ?”

ಅವಳಿಗೆ ವರದಿಯ ಗಂಧವಿಲ್ಲ ಎಂದುಕೊಂಡು ಅವನು ಫ್ರಿಜ್ಜಿನ ಬಾಗಿಲು ಮುಚ್ಚಿದ.

ನೆಲಮಹಡಿಯ ನಿಜವಾದ ಆಧಾರವೆಂದರೆ ಕಿಟಕಿಯ ಪಕ್ಕ ಕೂರುತ್ತಿದ್ದ ಒಬ್ಬ ಹೆಂಗಸು. ಹದಿನಾರು ವರ್ಷದಿಂದ ಸಲಹೆಗಾರರನ್ನು ಅಲ್ಲಿಗೆ ಇಲ್ಲಿಗೆ ಹಂಚುತ್ತಿದ್ದವಳು ಅವಳೇ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಮುಖ್ಯಸ್ಥರೂ ಅವಳನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳ ಹಿಂದಿನ ಗೋಡೆಗೆ ಒಂದು ದೊಡ್ಡ ಹಲಗೆ, ಅದರ ತುಂಬ ಗುಂಡುಪಿನ್ನು ಚುಚ್ಚಿದ ಚೀಟಿಗಳು. ಒಂದು ಚೀಟಿ ಎಂದರೆ ಒಬ್ಬ ಸಲಹೆಗಾರ. ಬೆಳಗ್ಗೆ ಬಂದವರೆಲ್ಲ ಮೊದಲು ಅವಳ ಮೇಜಿನ ಮುಂದೆ ನಿಂತು ಎರಡು ಮಾತಾಡಿ ಆಮೇಲೆ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಪಾಪ, ಹರಟೆ ಇಲ್ಲದೆ ಇವರಿಗೆ ದಿನ ಹೋಗದು ಎಂದು ಕಾಮನಬಿಲ್ಲು ತಿಳಿದಿದ್ದ.

ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯನ್ನು ಮೂರು ಸಲ ಮುಂದೂಡಿದ್ದಳು. ನಾಲ್ಕನೆಯ ಸಲ ಡಾಕ್ಟರು ಗದರಿದ ಮೇಲೆ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡು, “ಅಕ್ಕ ಮೂರು ವಾರ ಇರಲ್ಲ. ಹೇಗೆ ಮಾಡೋಣ?” ಎಂದು ಕೇಳಿದರು. ಕಾಮನಬಿಲ್ಲು ಎದೆ ಸೆಟೆಸಿ, “ನನ್ನ ವರದಿ ಇದೆಯಲ್ಲ ಸಾರ್,” ಎಂದ.

ಯಾರೋ ಕೆಮ್ಮಿದರು. ಅಕ್ಕ ಮಂಜಾದ ಕಣ್ಣಿನಿಂದ ಅವನತ್ತ ನೋಡಿ, “ಇದೆಯಪ್ಪಾ, ಇಲ್ಲ ಅನ್ನಲ್ಲ. ಆದ್ರೆ ಹಲಗೆ ಮೇಲಿರೋದನ್ನ ಮಾತ್ರ ಮುಟ್ಟಬೇಡ,” ಎಂದಳು.

ಅವನು ಮುಟ್ಟಿದ. ಅಕ್ಕ ರಜೆ ಹಾಕಿದ ಶುಕ್ರವಾರ ಮಧ್ಯಾಹ್ನವೇ ಚೀಟಿಗಳನ್ನು ಒಂದೊಂದಾಗಿ ಕಿತ್ತು, ಹೆಸರು, ದಿನ, ಕಂಪನಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಸೋಮವಾರ ಹೊರಡುವವರ ಪಟ್ಟಿಯನ್ನು ಟಿಕೆಟ್ಟು ತೆಗೆಯುವವನಿಗೆ ಕಳಿಸಿ, ಚೀಟಿಗಳನ್ನು ಲಕೋಟೆಗೆ ತುಂಬಿದ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೂ ಅವನೇ. ಕೆಲವು ಚೀಟಿಗಳು ಓರೆಯಾಗಿದ್ದವು, ಎರಡು ತಲೆಕೆಳಗಾಗಿದ್ದವು. ಕಣ್ಣು ಕಾಣದವಳು ಹೇಗೆ ಬೇಕೋ ಹಾಗೆ ಚುಚ್ಚಿದ್ದಾಳೆ ಎಂದು ಮರುಕಪಟ್ಟ. ಸಂಜೆ ಮನೆಗೆ ಹೊರಟಾಗ ಅವನ ನಡಿಗೆಯೇ ಬೇರೆಯಿತ್ತು.

ಸೋಮವಾರ ಒಂಬತ್ತೂವರೆಗೆ ಮೊದಲ ಫೋನು ಬಂತು. ಹೆಂಚಿನ ಕಾರ್ಖಾನೆಯವರದು. “ಒಂದು ತಂಡ ಕೇಳಿದ್ವಿ, ಎರಡು ತಂಡ ಬಂದು ಗೇಟಲ್ಲಿ ನಿಂತಿದೆ. ಒಬ್ರಿಗೊಬ್ರು ಸಲಹೆ ಕೊಡ್ತಿದಾರೆ. ಏನ್ ಮಾಡೋಣ?” ಹತ್ತು ಗಂಟೆಗೆ ಒಂದು ಆಸ್ಪತ್ರೆಯವರು, ತಮ್ಮಲ್ಲಿಗೆ ಯಾರೂ ಬಂದೇ ಇಲ್ಲ ಎಂದರು. ಹತ್ತೂಕಾಲಿಗೆ ಫೋನು ಮಾಡಿದವನು ಒಬ್ಬ ಹಿರಿಯ ಸಲಹೆಗಾರ. ವಿಮಾನ ಹತ್ತಿದರೆ ಕಿವಿಯಲ್ಲಿ ರಕ್ತ ಬರುವ ಕಾಯಿಲೆ ಇರುವ ಅವನು ವಿಮಾನ ನಿಲ್ದಾಣದಲ್ಲೇ ನಿಂತು, ತನಗೆ ವಿಮಾನದ ಟಿಕೆಟ್ಟು ತೆಗೆದ ಮಹಾನುಭಾವ ಯಾರು ಎಂದು ವಿಚಾರಿಸಿದ.

ಟಿಕೆಟ್ಟು ತೆಗೆಯುವವನು ಸೀದಾ ಕಾಮನಬಿಲ್ಲಿನ ಮೇಜಿಗೆ ಬಂದ. ಕೈಯಲ್ಲಿ ನಲವತ್ತೆರಡು ಪುಟ.

“ಗುರುವೇ, ನಾಳೆ ಬೆಳಗ್ಗೆ ಯಾರು ಎಲ್ಲಿರಬೇಕು? ಇದ್ರಲ್ಲಿ ಯಾವ ಪುಟ ನೋಡ್ಲಿ?”

“ಅದಾ? ಅದು... ಹದಿನೇಳು,” ಎಂದ ಅವನು. ಹದಿನೇಳರಲ್ಲಿ ಬಳಕೆಯ ಪ್ರಮಾಣ ಶೇಕಡಾ ಅರವತ್ತೆಂಟು ಎಂದಿತ್ತು. ಇಪ್ಪತ್ತಮೂರರಲ್ಲಿ ಅದೇ ಅರವತ್ತೆಂಟು ನಕ್ಷೆಯಾಗಿ ದುಂಡಗಿತ್ತು. ಮೂವತ್ತೊಂದರಲ್ಲಿ ಅದೇ ಉದ್ದಕ್ಕಿತ್ತು. ತಾನೇ ಬರೆದ ವರದಿಯಲ್ಲಿ ಹುಡುಕುತ್ತ ಹುಡುಕುತ್ತ ಅವನು ಕೊನೆಯ ಪುಟಕ್ಕೆ ಬಂದ. ‘ನಾಳೆ’ ಎಂಬ ಮಾತೇ ಅದರಲ್ಲಿ ಎಲ್ಲೂ ಇರಲಿಲ್ಲ.

“ಪರವಾಗಿಲ್ಲ ಬಿಡಿ,” ಎಂದು ಟಿಕೆಟ್ಟಿನವನು ಕಾಗದ ಅಲ್ಲೇ ಇಟ್ಟುಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನು ಹೋದ ಮೇಲೆ ಕಾಮನಬಿಲ್ಲಿಗೆ ಒಂದು ದುರ್ಬುದ್ಧಿ ಬಂತು. ಕಳಿಸಿದ ವರದಿಯನ್ನು ಯಾರ್ಯಾರು ತೆರೆದಿದ್ದಾರೆ ಎಂದು ಕಂಪ್ಯೂಟರಿನಲ್ಲಿ ನೋಡಬಹುದಿತ್ತು. ಆರು ವರ್ಷ ನೋಡದಿದ್ದದ್ದನ್ನು ಈಗ ನೋಡಿದ. ಇವತ್ತಿನದು ಬಿಟ್ಟರೆ ಪ್ರತಿ ವಾರವೂ ಇಬ್ಬರೇ ತೆರೆದಿದ್ದರು. ಒಬ್ಬ ತಾನೇ. ಇನ್ನೊಬ್ಬಳು ಅಕ್ಕ.

ಮಧ್ಯಾಹ್ನ ನಾಲ್ಕಕ್ಕೆ ಲಕೋಟೆ ಹಿಡಿದುಕೊಂಡು ಅಕ್ಕನ ಮನೆಯ ಬಾಗಿಲು ತಟ್ಟಿದ. ಅವಳ ಮಗಳು ಬಾಗಿಲು ತೆಗೆದು ಒಳಗೆ ಕರೆದಳು. ಅಕ್ಕ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೊರಗಿ ಕೂತಿದ್ದಳು.

“ಹೆಜ್ಜೆ ಸಪ್ಪಳ ಕೇಳಿದ್ರೇ ಗೊತ್ತಾಗುತ್ತೆ. ಮುಟ್ಟಿದೆ ಅಲ್ವಾ?”

“ಮುಟ್ಟಿದೆ ಅಕ್ಕಾ.”

“ಎಲ್ಲಾನೂ?”

“ಹಲಗೆನೂ ಒರೆಸಿದೆ.”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಾ, ನಗಬೇಡ, ಕಣ್ಣಿಗೆ ಒತ್ತಡ ಆಗುತ್ತೆ,” ಎಂದು ಮಗಳು ಒಳಗಿನಿಂದ ಕೂಗಿದಳು.

ನಗು ನಿಂತ ಮೇಲೆ ಅಕ್ಕ ವಿವರಿಸಿದಳು. ನೇರವಾಗಿದ್ದ ಚೀಟಿ ಎಂದರೆ ಗಟ್ಟಿಯಾದ ಮಾತು. ಓರೆ ಎಂದರೆ ಕಂಪನಿಯವರು ಇನ್ನೂ ‘ಹೂಂ’ ಅಂದಿಲ್ಲ. ತಲೆಕೆಳಗಿದ್ದರೆ ಆ ಸಲಹೆಗಾರನನ್ನು ಕಳಿಸುವ ಮುಂಚೆ ಒಮ್ಮೆ ಮಾತಾಡಬೇಕು, ಮೈಯಲ್ಲೋ ಮನೆಯಲ್ಲೋ ಏನೋ ತೊಂದರೆಯಿದೆ. ಕಾಮನಬಿಲ್ಲು ಒಂದೊಂದೇ ಚೀಟಿ ಓದಿದ. ಅವಳು ಕಣ್ಣು ಮುಚ್ಚಿಕೊಂಡೇ “ನೇರ”, “ಓರೆ”, “ಅವನಾ? ಅವನ ಹೆಂಡ್ತಿಗೆ ದಿನ ತುಂಬಿದೆ, ದೂರ ಕಳಿಸಬೇಡ” ಎಂದು ಹೇಳುತ್ತ ಹೋದಳು. ಐವತ್ತೆಂಟು ಚೀಟಿ. ಒಂದಕ್ಕೂ ತಡವರಿಸಲಿಲ್ಲ.

“ಬೆಳಗ್ಗೆ ಎಲ್ರೂ ನಿಮ್ಮ ಹತ್ರ ಬಂದು ಏನು ಕೇಳ್ತಾರೆ ಅಕ್ಕಾ?”

“ಎರಡೇ. ನಾಳೆ ಯಾರು ಎಲ್ಲಿ? ಯಾರು ಖಾಲಿ ಇದಾರೆ? ಮೂರನೇದು ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಯಾವುದು ಇನ್ನೂ ಅನುಮಾನ ಅಂತ.”

ಅವನ ವರದಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಯಾವ ಬಣ್ಣ ಕೊಡುವುದು ಎಂದು ತಿಳಿಯದೆ, ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದೆ ಎಂದು ಬರೆದು ಬಿಟ್ಟಿದ್ದ. ಹೊರಡುವಾಗ ನಾಲಿಗೆ ತಡೆಯದೆ ಕೇಳಿದ: “ನೀವು ಪ್ರತಿ ವಾರ ನನ್ನ ವರದಿ ತೆರೀತೀರಲ್ಲ, ಅದ್ರಲ್ಲಿ ಏನು ನೋಡ್ತೀರಿ?”

ಅಕ್ಕ ಸೆರಗಿನ ಅಂಚು ಸರಿಮಾಡಿಕೊಂಡಳು. “ಏನೂ ನೋಡಲ್ಲಪ್ಪ. ಅಷ್ಟು ಕಷ್ಟಪಟ್ಟು ಕಳಿಸಿರ್ತೀಯ, ತೆರೀದೆ ಇದ್ರೆ ಪಾಪ ಅನ್ಸುತ್ತೆ. ತೆರೆದು ಮುಚ್ತೀನಿ.”

ಬಸ್ಸಿನಲ್ಲಿ ಕೂತು ಅವನು ಲೆಕ್ಕ ಹಾಕಿದ. ಆರು ವರ್ಷದಲ್ಲಿ ಹದಿಮೂರು ಸಾವಿರಕ್ಕೂ ಮೇಲೆ ಪುಟ, ಅದಕ್ಕೆ ಒಬ್ಬಳೇ ಓದುಗಿ, ಅವಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಳು ಬರಬೇಕಿತ್ತು, ನಗು ಬಂತು. ಪಕ್ಕದವನು ಸ್ವಲ್ಪ ಸರಿದು ಕೂತ.

ಮರುದಿನ ಬೆಳಗ್ಗೆ ಎಂಟಕ್ಕೇ ಕಚೇರಿಗೆ ಬಂದು, ಓರೆ ಚೀಟಿಗಳ ಕಂಪನಿಯವರಿಗೆಲ್ಲ ಫೋನು ಮಾಡಿ, ಒಂದೇ ಹಾಳೆಯಲ್ಲಿ ಮೂರು ಭಾಗ ಬರೆದ. ನಾಳೆ ಯಾರು ಎಲ್ಲಿ. ಯಾರು ಖಾಲಿ. ಯಾವುದು ಇನ್ನೂ ಗಟ್ಟಿಯಾಗಿಲ್ಲ, ಯಾರ ಉತ್ತರಕ್ಕೆ ಕಾಯುತ್ತಿದ್ದೇವೆ. ಮೂಲೆಯಲ್ಲಿ ಸ್ವಲ್ಪ ಜಾಗ ಉಳಿಯಿತು. ಅಲ್ಲೊಂದು ಪುಟ್ಟ ದುಂಡು ನಕ್ಷೆ ಹಾಕಿದರೆ ಹೇಗೆ ಎಂದು ಕೈ ತುರಿಸಿತು. ಹಾಕಿದ, ಅಳಿಸಿದ, ಮತ್ತೆ ಹಾಕಿದ. ಕೊನೆಗೆ ಅದನ್ನೂ ಅಳಿಸಿ, ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಬೇಗಬೇಗ ಮುದ್ರಿಸಿ ಒಂಬತ್ತು ಮೇಜುಗಳ ಮೇಲಿಟ್ಟು ಬಂದ.

ಹತ್ತು ನಿಮಿಷಕ್ಕೆ ಟಿಕೆಟ್ಟಿನವನು ಕೂಗಿಕೊಂಡೇ ಬಂದ. “ಏನ್ ಸ್ವಾಮಿ, ಹೆಂಚಿನ ಕಾರ್ಖಾನೆಗೆ ಹೋಗಿದ್ದ ಹುಡುಗಿ ನಿನ್ನೆನೇ ವಾಪಸ್ ಬಂದಿದಾಳೆ, ಇನ್ನೂ ಅಲ್ಲೇ ಇದಾಳೆ ಅಂತ ಬರ್ದಿದೀರಲ್ಲ! ಕಣ್ಣು ಎಲ್ಲಿಟ್ಟಿದ್ರಿ?” ಹಿಂದೆಯೇ ಲ್ಯಾಪ್‌ಟಾಪು ಕೊಡುವವಳು ಇನ್ನೊಂದು ತಪ್ಪು ಹಿಡಿದುಕೊಂಡು ಬಂದಳು. ಕಾಮನಬಿಲ್ಲು ಇಬ್ಬರ ಬೈಗುಳವನ್ನೂ ಹಲ್ಲುಕಿರಿದು ಕೇಳಿದ. ತಾನು ಬರೆದದ್ದನ್ನು ಜನ ಓದಿದರೆ ಹೀಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. “ಇವನಿಗೆ ಏನೋ ಆಗಿದೆ,” ಎಂದು ಅವಳು ಟಿಕೆಟ್ಟಿನವನ ಕಿವಿಯಲ್ಲಿ ಉಸುರಿದ್ದೂ ಕೇಳಿಸಿತು.

ಮೂರನೆಯ ವಾರದ ಹೊತ್ತಿಗೆ ಹಾಳೆಯಲ್ಲಿ ತಪ್ಪು ಕಡಿಮೆಯಾಗಿತ್ತು, ಕೈಬರಹದ ತಿದ್ದುಪಡಿ ಹೆಚ್ಚಾಗಿತ್ತು. ಲಿಫ್ಟಿನಲ್ಲಿ ಸಿಕ್ಕ ಮುಖ್ಯಸ್ಥರು ಅವನ ಬೆನ್ನು ತಟ್ಟಿ, “ನಿಮ್ಮ ಸೋಮವಾರದ ವರದಿ ಈ ಸಲ ಬಹಳ ಚೆನ್ನಾಗಿತ್ತು ಕಣ್ರೀ. ಆ ಬಣ್ಣ!” ಎಂದರು.

“ಅದನ್ನ ನಿಲ್ಲಿಸಿ ಮೂರು ವಾರ ಆಯ್ತು ಸಾರ್.”

ಮುಖ್ಯಸ್ಥರು ತಮ್ಮ ಮಹಡಿ ಬರುವವರೆಗೂ ಗುಂಡಿಗಳನ್ನೇ ನೋಡುತ್ತ ನಿಂತರು.

ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದ ದಿನ ಅವನು ಹಾಳೆಯನ್ನು ಅವಳ ಕೈಗಿಟ್ಟು ಪರೀಕ್ಷೆ ಬರೆದವನಂತೆ ನಿಂತ. ಅವಳು ಹಾಳೆಯನ್ನು ಹೊಸ ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನಿಧಾನವಾಗಿ ಓದಿದಳು.

“ಇವನ ಹೆಂಡ್ತಿಗೆ ಹೆರಿಗೆ ಆಯ್ತಾ?”

“ಹೆಣ್ಣು ಮಗು ಅಕ್ಕಾ, ಮೊನ್ನೆ. ಇನ್ನು ಹದಿನೈದು ದಿನ ಅವನನ್ನ ಊರು ಬಿಟ್ಟು ಕಳಿಸಲ್ಲ ಅಂತ ಕೆಳಗೆ ಬರ್ದಿದೀನಿ ನೋಡಿ.”

“ಬರ್ದಿದೀಯ, ಬರ್ದಿದೀಯ.” ಅವಳು ಹಾಳೆ ಕೆಳಗಿಟ್ಟು, ಮೇಜಿನಿಂದ ರಜೆಯ ಅರ್ಜಿ ಹೊರತೆಗೆದಳು. “ಹಾಗಾದ್ರೆ ಇನ್ನೊಂದು ಕಣ್ಣಿಗೂ ಮುಂದಿನ ತಿಂಗಳೇ ದಿನ ಗೊತ್ತು ಮಾಡ್ಬಿಡ್ತೀನಿ. ಆಮೇಲೆ ಒಂದು ವಾರ ಮಗಳ ಜೊತೆ ಎಲ್ಲಾದ್ರೂ ಹೋಗಿ ಬರ್ತೀನಿ. ಒಂಬತ್ತು ವರ್ಷದಿಂದ ಕೇಳ್ತಾ ಇದಾಳೆ.”

ಅರ್ಜಿ ತುಂಬಲು ಪೆನ್ನಿಗೆ ತಡಕಾಡಿದಳು. ಅವನು ತನ್ನ ಪೆನ್ನು ಕೊಟ್ಟು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.