ಶಿವಪ್ಪನ ಹೆಸರು

ನಿದ್ದೆಯಲ್ಲಿ ಎಲ್ಲಿ ಅವರ ಹೆಸರು ಹೇಳಿಬಿಡುತ್ತೇನೋ ಎಂದು ನನಗೆ ಹೆದರಿಕೆಯಿತ್ತು. ಮೈಸೂರಿನಲ್ಲಿ ಬಿ.ಎ. ಮಾಡಿದವಳು ಇದನ್ನು ಯಾರ ಹತ್ತಿರ ಹೇಳಲಿ? ಡೈರಿಯಲ್ಲೂ 'ಅವರು' ಎಂದೇ ಬರೆಯುತ್ತಿದ್ದೆ. ಪಕ್ಕದಲ್ಲಿ ಮಲಗುತ್ತಿದ್ದ ಅತ್ತೆ ರೇವಮ್ಮ, ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆಂದು ನಂಬಿದವರು. ನಾನು ನಂಬುತ್ತಿರಲಿಲ್ಲ. ಹೇಳುತ್ತಲೂ ಇರಲಿಲ್ಲ.

ನಮ್ಮನೆಯವರು ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಬೆಳಗ್ಗೆ ಕೂಲಿಯವರ ಹಾಜರಿ ಕೂಗುವುದು ಅವರ ಕೆಲಸ. ಸುಗ್ಗಿ ಮುಗಿಯುತ್ತಲೇ ನಮ್ಮ ಹಳೇಕೋಟೆಯ ಗಂಡಸರು ಅರ್ಧಕ್ಕರ್ಧ ಕೂಲಿಗೆ ಆಳು ಕೂಡಿಸುವ ಮೇಸ್ತ್ರಿಯ ಹಿಂದೆ ಅದೇ ತೋಟಕ್ಕೆ ಹೋಗುತ್ತಿದ್ದರು. 'ಘಟ್ಟಕ್ಕೋಗವ್ರೆ' ಎನ್ನುವಾಗ ಊರಲ್ಲಿ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಘಟ್ಟದಲ್ಲಿ ಚಳಿಜ್ವರ, ಯುದ್ಧ ಬಂದ ಮೇಲೆ ಕ್ವಿನೈನೂ ಸಿಗುತ್ತಿರಲಿಲ್ಲ. ಉಳಿದ ಹೆಂಗಸರು ನಾವು ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ನೋಡುತ್ತಿದ್ದದ್ದು ಘಟ್ಟದ ಸುದ್ದಿ ಬರುವ ರಾಮನಾಥಪುರದ ದಾರಿಯನ್ನು. ಆ ದಾರಿಯಲ್ಲಿ ಯಾರೂ ಬರದಿದ್ದರೆ ಅದು ಒಳ್ಳೆಯ ದಿನ.

ರಾಗಿ ಬೀಸಲು ಬರುತ್ತಿದ್ದ ಮಲ್ಲಿಗಮ್ಮನ ಗಂಡ ನಂಜಯ್ಯನೂ ಆ ತೋಟದ ಕೂಲಿ. ಬೀಸುಗಲ್ಲಿನ ಮುಂದೆ ಕೂತು ಅವಳು ನನ್ನನ್ನು ರೇಗಿಸುತ್ತಿದ್ದಳು: ಇಂಗ್ಲೀಷಿನಲ್ಲಾದರೂ ಒಂದು ಸಲ ಗಂಡನ ಹೆಸರು ಹೇಳಿ ಅಮ್ಮಣ್ಣಿ, ದೇವರಿಗೆ ಇಂಗ್ಲೀಷು ಬರಾಕಿಲ್ಲ. ಅವಳೂ ತನ್ನ ಗಂಡನ ಹೆಸರು ಹೇಳುವವಳಲ್ಲ. ಮೇಸ್ತ್ರಿ ಹೆಸರು ಬರೆದುಕೊಳ್ಳಲು ಬಂದ ದಿನ ನಂಜಯ್ಯ ಹೊಲದಲ್ಲಿದ್ದನಂತೆ. ಗಂಡನ ಹೆಸರೇನು ಎಂದರೆ ಇವಳು ಸೆರಗು ಕಚ್ಚಿಕೊಂಡು, 'ಶಿವಪ್ಪನ ಹೆಸ್ರು' ಎಂದಳಂತೆ. ಶಿವನಿಗೆ ಹೆಸರೊಂದೇ? ಮೇಸ್ತ್ರಿ ತನಗೆ ತೋಚಿದ್ದನ್ನು ಬರೆದುಕೊಂಡು ಹೋದ.

ಏನು ಬರೆದುಕೊಂಡನೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೌರಿಹಬ್ಬಕ್ಕೆ ಬಂದಾಗ ಅವರು ನಗುತ್ತಾ ಹೇಳಿದ್ದರು: "ದಿನಾ ಬೆಳಗ್ಗೆ ನನ್ನ ಹೆಸರನ್ನ ನಾನೇ ಕೂಗ್ತೀನಿ. ನಂಜಯ್ಯ 'ಬಂದೆ ಸಾ' ಅಂತಾನೆ." ತಿದ್ದೋಣವೆಂದರೆ ತೋಟದ ದೊರೆ ಒಪ್ಪಿರಲಿಲ್ಲವಂತೆ. ಹಾಗಾಗಿ ಘಟ್ಟದಲ್ಲಿ ನಂಜಯ್ಯನಿಗೂ ನನ್ನ ಗಂಡನ ಹೆಸರೇ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾಡಿ ಹೊಡೆಯುವ ಪುಟ್ಟರಾಜು ರಾಮನಾಥಪುರದಿಂದ ಬಂದ. ಜಗಲಿ ಹತ್ತಲಿಲ್ಲ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಘಟ್ಟದ ಬಸ್ಸಿನವನು ಹೇಳಿದ್ದಂತೆ, ಅವನಿಗೂ ಹೆಚ್ಚೇನೂ ಗೊತ್ತಿಲ್ಲವಂತೆ.

"ಅಳೇಕೋಟೆ ಗಂಗಾಧರ ಜ್ವರದಾಗೆ ಓಗ್ಬುಟ್ಟ ಅಂದ್ರು ಕಣವ್ವ. ಮಣ್ಣೂ ಅಲ್ಲೇ ಮಾಡವ್ರಂತೆ."

ಊರಿಗೆ ಗೊತ್ತಿದ್ದಂತೆ ಆ ಹೆಸರಿನವರು ಒಬ್ಬರೇ. ಕಂಬಕ್ಕೆ ಒರಗಿದ್ದ ಅತ್ತೆ ಹಾಗೇ ಕುಸಿದರು. ಕೇರಿಯ ಹೆಂಗಸರು ಮನೆ ತುಂಬಿಕೊಂಡರು. ದೂರದ ಸಾವಿನ ಸುದ್ದಿ ಕಿವಿಗೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳಬೇಕು; ಯಾರೋ ಬಚ್ಚಲೊಲೆಗೆ ಬೆಂಕಿ ಹಾಕಿದರು. ಅತ್ತೆಯ ಅಕ್ಕ ಕಮಲಾಕ್ಷಮ್ಮ ನನ್ನ ಕೈ ತೆಗೆದುಕೊಂಡು ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿ, ಮೊದಲು ನೀರು, ಆಮೇಲೆ ಇವು ಎಂದರು.

ನನಗೆ ಅಳು ಬರಲಿಲ್ಲ. ಸತ್ತವನು ನಂಜಯ್ಯನಿರಬಹುದು, ಇರಲಿ, ಎಂದುಕೊಂಡೆ. ನನ್ನ ಬೆನ್ನು ನೀವುತ್ತಾ ಕೂತಿದ್ದವಳು ಮಲ್ಲಿಗಮ್ಮ.

"ಅತ್ಬುಡಿ ಅಮ್ಮಣ್ಣಿ, ಒಳಗೇ ಇಟ್ಕಬ್ಯಾಡಿ," ಎನ್ನುತ್ತಿದ್ದಳು. ತುಂಬಿದ ಬಸುರಿ, ಅವಳ ಹೊಟ್ಟೆ ನನ್ನ ಮೊಣಕೈಗೆ ತಾಗುತ್ತಿತ್ತು. ಮುಖದಲ್ಲಿ ದುಃಖವಿತ್ತು, ಅದರ ಹಿಂದೆ ಇನ್ನೊಂದಿತ್ತು. ಸುದ್ದಿ ತನ್ನ ಬಾಗಿಲಿಗೆ ಬರಲಿಲ್ಲವಲ್ಲ ಎಂಬುದು. ಹೋದ ವರ್ಷ ನಮ್ಮ ಕೇರಿಯ ದೊಡ್ಡತಾಯಮ್ಮನ ಗಂಡ ಘಟ್ಟದಲ್ಲಿ ತೀರಿಕೊಂಡಾಗ ನಾನೂ ಅದೇ ಮುಖ ಹೊತ್ತು ಅವಳ ಪಕ್ಕ ಕೂತಿದ್ದೆ.

ಸುಮ್ಮನಿದ್ದರೆ ಬಳೆ ಹೋಗುತ್ತದೆ. ಬದುಕಿರುವ ಮಗನಿಗಾಗಿ ಅತ್ತೆ ನೀರು ಹಾಕಿಕೊಂಡಂತಾಗಬಹುದು. ಬಾಯಿ ಬಿಟ್ಟರೆ ಈ ಬಸುರಿಯ ಗತಿ? ಅದೂ ಅಲ್ಲದೆ, ಹೇಳಬೇಕೆಂದರೆ ಆ ಹೆಸರನ್ನೇ ಹೇಳಬೇಕು. ಓದಿದ್ದೆಲ್ಲ ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ, ನಾನೂ ನಂಬಿದೆ. ಅವರು ಬದುಕಿದ್ದರೆ ನನ್ನ ನಾಲಿಗೆಯೇ ಅವರನ್ನು ಕೊಲ್ಲುತ್ತದೆ ಅನ್ನಿಸಿತು.

ನೀರು ಕಾಯಿತು ಎಂದು ಬಚ್ಚಲಿನಿಂದ ಯಾರೋ ಕೂಗಿದರು. ಅತ್ತೆಯನ್ನು ಇಬ್ಬರು ಹಿಡಿದೆತ್ತಿದರು. ಕಮಲಾಕ್ಷಮ್ಮ ನನ್ನ ಮಣಿಕಟ್ಟು ಹಿಡಿದು ಎಳೆದರು. ನಾನು ಏಳಲಿಲ್ಲ. ಮಲ್ಲಿಗಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಸರೆಗೆಂದು ತಿಳಿದು ಅವಳೂ ಹಿಡಿದಳು.

"ಆ ತೋಟದಲ್ಲಿ ಹಳೇಕೋಟೆ ಗಂಗಾಧರ ಅಂತ ಇಬ್ಬರಿದಾರೆ," ಎಂದೆ. "ಒಬ್ಬರು ನಮ್ಮನೆಯವರು. ಇನ್ನೊಬ್ಬ ನಿನ್ನ ಗಂಡ, ಮಲ್ಲಿಗಮ್ಮ."